ಸೈಲೆನ್ಸರ್ ಹೋದ ಮೇಲೆ

ನಮ್ಮ ಗಾಡಿಯಲ್ಲಿ ಬೆಲೆಬಾಳುವ ವಸ್ತು ಯಾವುದು ಅಂತ ನಮಗಿಂತ ಕಳ್ಳರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೆಲವು ತಿಂಗಳಿಂದ ಇದೇ ವಿಷಯ ನನ್ನ ತಲೆ ತಿನ್ನುತ್ತಿದೆ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ನಾವು ಏನೇನು ನೋಡುತ್ತೇವೆ? ಗ್ಲಾಸ್ ಏರಿಸಿದ್ದೀವಾ, ಲಾಕ್ ಬಿದ್ದಿದೆಯಾ, ಸೀಟಿನ ಮೇಲೆ ಬ್ಯಾಗ್ ಬಿಟ್ಟಿದ್ದೀವಾ. ಸ್ವಲ್ಪ ಹುಷಾರಿನವರಾದರೆ ಸ್ಟೆಪ್ನಿ ಕಡೆಗೂ ಒಂದು ಕಣ್ಣು. ನಮ್ಮ ಮಾವನವರು ತಮ್ಮ ಕಾಲದಲ್ಲಿ ವೀಲ್ ಕ್ಯಾಪ್ ಮತ್ತು ವೈಪರ್ ಬ್ಲೇಡುಗಳನ್ನು ಕಳಚಿ ಮನೆಯೊಳಗೆ ತಂದಿಡುತ್ತಿದ್ದರು. ಅತ್ತೆ ಅದಕ್ಕೆ ಈಗಲೂ ನಗುತ್ತಾರೆ. ಆದರೆ ಗಾಡಿಯ ತಳದಲ್ಲಿ ಕೆಸರು ಮೆತ್ತಿಕೊಂಡು, ತುಕ್ಕು ಬಣ್ಣಕ್ಕೆ ತಿರುಗಿರುವ ಒಂದು ತಗಡಿನ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇದೆ ಅಂತ ಯಾರು ಯೋಚನೆ ಮಾಡುತ್ತಾರೆ? ಅದನ್ನು ನೋಡಬೇಕಾದರೆ ನೆಲದ ಮೇಲೆ ಮಲಗಬೇಕು. ನಾವು ಮಲಗುವುದಿಲ್ಲ. ಅವರು ಮಲಗುತ್ತಾರೆ.

ನಮ್ಮ ಬೀದಿಯ ರಮೇಶಣ್ಣನ ಸ್ಕೂಲ್ ವ್ಯಾನಿನಿಂದ ಆ ಡಬ್ಬಿ ಸೈಲೆನ್ಸರ್ ಸಮೇತ ಹೋಯಿತು. ಅವರದು ಮಾರುತಿ ಈಕೋ. ಹಳದಿ ಬೋರ್ಡು, ಆರು ವರ್ಷದ ಗಾಡಿ, ಸಾಲ ತೀರಿ ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ಎರಡು ಟ್ರಿಪ್ಪು ಮಕ್ಕಳು, ಮಧ್ಯಾಹ್ನ ಅದೇ ಮಕ್ಕಳು ವಾಪಸ್, ಭಾನುವಾರ ಯಾರಾದರೂ ಕರೆದರೆ ಮದುವೆಮನೆ ಬಾಡಿಗೆ. ನನ್ನ ಮಗಳೂ ಅದರಲ್ಲೇ ಹೋಗುತ್ತಾಳೆ. ಮಕ್ಕಳಿಗೆಲ್ಲ ಅವರು 'ವ್ಯಾನ್ ಅಂಕಲ್'. ಬನಶಂಕರಿ ಕಡೆಯ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಪಾರ್ಕಿಂಗ್ ಇಲ್ಲ. ಇದ್ದವರು ಆ ಜಾಗಕ್ಕೆ ಶಟರ್ ಹಾಕಿಸಿ ಅಂಗಡಿ ಬಾಡಿಗೆಗೆ ಕೊಟ್ಟಿದ್ದಾರೆ. ಹಾಗಾಗಿ ಕಾರು, ವ್ಯಾನು, ಆಟೋ ಎಲ್ಲ ರಾತ್ರಿ ರಸ್ತೆಯಲ್ಲೇ. ಒಂದು ಕೋಟಿಗೂ ಜಾಸ್ತಿ ಗಾಡಿಗಳಿರುವ ಊರಲ್ಲಿ ಇದೇನು ವಿಶೇಷ ಅಲ್ಲ ಬಿಡಿ.

ಆ ದಿನ ಬೆಳಿಗ್ಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಇದ್ದಕ್ಕಿದ್ದಂತೆ ಕಿವಿ ಕಿತ್ತುಹೋಗುವಂಥ ಸದ್ದು. ಎದುರು ಮನೆಯ ನಾಯಿ ಬೊಗಳಲು ಶುರು ಮಾಡಿತು. ಬಾಲ್ಕನಿಗೆ ಬಂದು ನೋಡಿದರೆ ರಮೇಶಣ್ಣ ಎಂಜಿನ್ ಆಫ್ ಮಾಡಿ ಇಳಿದು, ಸೊಂಟಕ್ಕೆ ಕೈ ಇಟ್ಟುಕೊಂಡು ಗಾಡಿ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಾ ಸರಿಯಾಗೇ ಇತ್ತು. ಬಾಗಿಲು, ಗ್ಲಾಸು, ಟೈರು, ಬ್ಯಾಟರಿ, ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು. ನಾನು ಕೆಳಗೆ ಇಳಿದು ಹೋದೆ.

"ಏನಾಯ್ತು ರಮೇಶಣ್ಣ?"

"ಗೊತ್ತಾಗ್ತಿಲ್ಲ ಅಕ್ಕ. ರಾತ್ರಿ ನಿಲ್ಲಿಸುವಾಗ ಚೆನ್ನಾಗೇ ಇತ್ತು."

ಆಮೇಲೆ ಅವರು ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ನಾನೂ ಬಗ್ಗಿದೆ. ಎಂಜಿನ್‌ನಿಂದ ಬರುವ ಪೈಪು ಅರ್ಧಕ್ಕೇ ನಿಂತಿತ್ತು. ಅದರಾಚೆ ಏನೂ ಇಲ್ಲ. ಆಕ್ಸಿಜನ್ ಸೆನ್ಸರ್‌ನ ವೈರು, ನಾಲ್ಕು ಎಳೆಯದು, ಕಟಿಂಗ್ ಪ್ಲೇಯರ್‌ನಲ್ಲಿ ನೀಟಾಗಿ ಕತ್ತರಿಸಿ ಬಿಟ್ಟದ್ದು ಜೋತಾಡುತ್ತಿತ್ತು. ಬೋಲ್ಟುಗಳನ್ನು ಅವಸರದಲ್ಲಿ ಮುರಿದಿರಲಿಲ್ಲ, ಬಿಚ್ಚಿದ್ದರು. ನೆಲದ ಮೇಲೆ ಒಂದು ಕಾರ್ಟನ್ ಬಾಕ್ಸು ಬಿಚ್ಚಿ ಹಾಸಿದ್ದು ಹಾಗೇ ಬಿದ್ದಿತ್ತು. ಯಾವುದೋ ಬಿಸ್ಕತ್ ಕಂಪನಿಯದು. ಬೆನ್ನಿಗೆ ಮಣ್ಣಾಗದ ಹಾಗೆ ಮಲಗಿಕೊಂಡು, ಗ್ರೀಸ್ ಕೈಯನ್ನು ಅದರ ಅಂಚಿಗೇ ಒರೆಸಿ ಹೋಗಿದ್ದಾರೆ. ರಮೇಶಣ್ಣನಿಗೆ ಕಳ್ಳತನಕ್ಕಿಂತ ಆ ಬಾಕ್ಸ್ ನೋಡಿ ಜಾಸ್ತಿ ಸಿಟ್ಟು ಬಂತು. "ಎಷ್ಟು ಆರಾಮಾಗಿ ಮಲ್ಕೊಂಡಿದಾರೆ ನೋಡಿ ಅಕ್ಕ" ಅಂದರು.

ಅಷ್ಟರಲ್ಲಿ ಮಕ್ಕಳು ಬ್ಯಾಗ್ ಹಾಕಿಕೊಂಡು ಬಂದು ನಿಂತಿದ್ದವು. ಆ ಹೊತ್ತಲ್ಲಿ ಆಟೋ ಸಿಗಬೇಕಲ್ಲ? ಬೀದಿಯ ಅಪ್ಪಂದಿರೆಲ್ಲ ಒಬ್ಬೊಬ್ಬರು ಸ್ಕೂಟರ್‌ನಲ್ಲಿ ಮೂರು ಮೂರು ಮಕ್ಕಳನ್ನು ತುಂಬಿಕೊಂಡು ಹೊರಟರು. ಮಕ್ಕಳಿಗಂತೂ ಹಬ್ಬ.

ಆ ಡಬ್ಬಿಯೊಳಗೆ

ನಾನು ಅಲ್ಲಿಯವರೆಗೂ ಸೈಲೆನ್ಸರ್ ಅಂದರೆ ಸದ್ದು ಕಡಿಮೆ ಮಾಡುವ ಪೈಪು ಅಂತ ಮಾತ್ರ ತಿಳಿದಿದ್ದವಳು. ಕಳ್ಳನಿಗೆ ಬೇಕಾಗಿದ್ದದ್ದು ಆ ಪೈಪಿನ ಜೊತೆ ಬರುವ ಕ್ಯಾಟಲಿಟಿಕ್ ಕನ್ವರ್ಟರ್. ರಮೇಶಣ್ಣನ ಮೆಕ್ಯಾನಿಕ್ ತನ್ನ ಶೆಡ್ಡಿನ ಮೂಲೆಯಿಂದ ಒಡೆದ ಹಳೆಯದೊಂದನ್ನು ತೆಗೆದು ತೋರಿಸಿದ. ಹೊರಗೆ ಉಕ್ಕಿನ ತಗಡು, ಒಳಗೆ ಬೂದು ಬಣ್ಣದ ಸೆರಾಮಿಕ್ ಗಟ್ಟಿ. ಶಾವಿಗೆ ಒರಳಿನ ಬಿಲ್ಲೆಯ ಹಾಗೆ ತೂತೋ ತೂತು, ಆದರೆ ಇನ್ನೂ ಸಣ್ಣವು. ಒಂದು ಚದರ ಇಂಚಿಗೆ 400ರಷ್ಟು ತೂತು ಇರುವುದು ಸಾಮಾನ್ಯವಂತೆ. ಕೈಗೆ ಹಗುರ. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಇದೇ ಪುಡಿಗೆ ಕದಿಯುವವರು 'ಮಣ್ಣು' ಅನ್ನುತ್ತಾರೆ. ಸೈಲೆನ್ಸರ್ ಕೊಯ್ದು, ಮಣ್ಣು ತೆಗೆದು, ತೂಕಕ್ಕೆ ಮಾರುವುದು ಅವರ ವ್ಯಾಪಾರ.

ಆ ತೂತುಗಳ ಗೋಡೆಗೆ ಅಲ್ಯೂಮಿನಾ ಬಳಿದಿರುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಈ ದುಬಾರಿ ಲೋಹಗಳು ಹರಡಿಕೊಂಡಿರುತ್ತವೆ. ಎಲ್ಲ ಸೇರಿದರೂ ಕೆಲವೇ ಗ್ರಾಂ. ಎಂಜಿನ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಇದರೊಳಗೆ ಹಾದು ಹೋಗುವಾಗ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಪೂರ್ತಿ ಉರಿಯದೆ ಉಳಿದ ಪೆಟ್ರೋಲ್ ಆವಿ ಇಲ್ಲಿ ಉರಿದು ಮುಗಿಯುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ಒಡೆದು ಬರೀ ನೈಟ್ರೋಜನ್ ಆಗಿ ಹೊರಬೀಳುತ್ತವೆ. ಲೋಹ ಮಾತ್ರ ಖರ್ಚಾಗುವುದಿಲ್ಲ, ಕೆಲಸ ಮಾಡಿಸಿ ತಾನು ಹಾಗೇ ಉಳಿಯುತ್ತದೆ. ಕಳ್ಳನಿಗೆ ಬೇಕಾದದ್ದೂ ಇದೇ ಗುಣ. ಆರು ವರ್ಷ ಓಡಿದ ಟೈರಿಗೆ ಬೆಲೆ ಇಲ್ಲ. ಆರು ವರ್ಷ ಓಡಿದ ಕನ್ವರ್ಟರ್‌ನಲ್ಲಿ ಪ್ಲಾಟಿನಂ ಬಹುತೇಕ ಅಷ್ಟೇ ಇರುತ್ತದೆ.

ಇದರ ಜೊತೆಗೆ ನಮ್ಮ ತಲೆಮಾರಿನ ಒಂದು ನೆನಪೂ ಇದೆ. ಪೆಟ್ರೋಲ್ ಬಂಕುಗಳಲ್ಲಿ 'ಸೀಸರಹಿತ' ಅನ್ನುವ ಬೋರ್ಡು ನೋಡಿದ್ದು ಎಷ್ಟು ಜನಕ್ಕೆ ನೆನಪಿದೆಯೋ. ಪೆಟ್ರೋಲಿನಲ್ಲಿ ಸೀಸ ಇದ್ದರೆ ಅದು ಈ ಲೋಹಗಳ ಮೇಲೆ ಪದರ ಕಟ್ಟಿ ಕನ್ವರ್ಟರನ್ನು ಕೊಂದುಬಿಡುತ್ತದೆ. ಹಾಗಾಗಿ ಎರಡೂ ಒಟ್ಟಿಗೇ ಬರಬೇಕಾಯಿತು. 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸಿನ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. 2000ದ ಫೆಬ್ರವರಿಗೆ ದೇಶದ ಎಲ್ಲ ಬಂಕುಗಳಿಂದ ಸೀಸದ ಪೆಟ್ರೋಲ್ ಹೋಯಿತು. ಕಾರಿನ ಹೊಗೆಗೆ ಅಂತ ತಂದ ಒಂದು ಡಬ್ಬಿಯ ನೆಪದಲ್ಲಿ ಮಕ್ಕಳ ರಕ್ತಕ್ಕೆ ಸೇರುತ್ತಿದ್ದ ಸೀಸ ಕೂಡ ಕಡಿಮೆಯಾಯಿತು ಅನ್ನುವುದು ಸಣ್ಣ ಮಾತಲ್ಲ.

ಚಿನ್ನಕ್ಕಿಂತ ದುಬಾರಿ

2021ರ ಮಾರ್ಚ್‌ನಲ್ಲಿ ರೋಡಿಯಂ ಬೆಲೆ ಒಂದು ಔನ್ಸ್‌ಗೆ 29,000 ಡಾಲರ್ ಮುಟ್ಟಿತ್ತು. ಔನ್ಸ್ ಅಂದರೆ 31 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದು ಗ್ರಾಂಗೆ 65,000 ರೂಪಾಯಿಗೂ ಜಾಸ್ತಿ. ಅದೇ ಹೊತ್ತಿಗೆ ಚಿನ್ನ ಔನ್ಸ್‌ಗೆ 1,700 ಡಾಲರ್ ಆಸುಪಾಸು. ಜಗತ್ತಿನ ರೋಡಿಯಂನಲ್ಲಿ ಬಹುಪಾಲು ಬರುವುದು ದಕ್ಷಿಣ ಆಫ್ರಿಕಾದಿಂದ. 2020ರಲ್ಲಿ ಅಲ್ಲಿನ ದೊಡ್ಡ ಸಂಸ್ಕರಣಾ ಘಟಕವೊಂದರಲ್ಲಿ ಸ್ಫೋಟವಾಗಿ ಕೆಲಸ ನಿಂತಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಎಸ್-6 ಅನ್ನುವ ಬಿಗಿ ಹೊಗೆ ನಿಯಮ ಬಂತು, ಚೀನಾ ಕೂಡ ತನ್ನ ನಿಯಮ ಬಿಗಿ ಮಾಡುತ್ತಿತ್ತು. ಹೊಗೆ ಕಡಿಮೆಯಾಗಬೇಕು ಅಂದರೆ ಕನ್ವರ್ಟರ್‌ಗೆ ಲೋಹ ಜಾಸ್ತಿ ಬೇಕು. ಪಲ್ಲಾಡಿಯಂ ಕಥೆಯೂ ಹೀಗೇ. ಅದರಲ್ಲಿ ದೊಡ್ಡ ಪಾಲು ರಷ್ಯಾದ್ದು, 2022ರಲ್ಲಿ ಯುದ್ಧ ಶುರುವಾದ ಕೂಡಲೇ ಔನ್ಸ್‌ಗೆ 3,000 ಡಾಲರ್ ದಾಟಿತು. ಆಮೇಲೆ ಎರಡೂ ಧಡಾರನೆ ಬಿದ್ದವು. 2023ರ ಕೊನೆಗೆ ರೋಡಿಯಂ 5,000 ಡಾಲರ್‌ಗಿಂತ ಕೆಳಗಿತ್ತು. ಬೆಲೆ ಬಿದ್ದ ಮೇಲೆ ಕಳ್ಳತನವೂ ನಿಲ್ಲಬೇಕಿತ್ತಲ್ವಾ ಅಂತ ಕೇಳಬಹುದು. ಒಂದು ಸಲ ಕೊಳ್ಳುವವರ ಜಾಲ ಹುಟ್ಟಿಕೊಂಡರೆ, ಸ್ಪ್ಯಾನರ್ ಹಿಡಿಯಲು ಹುಡುಗರು ಕಲಿತರೆ, ಬೆಲೆ ಇಳಿದ ತಕ್ಷಣ ಅವರೇನು ಮನೆಗೆ ಹೋಗುತ್ತಾರಾ? 2025ರಲ್ಲಿ ಪ್ಲಾಟಿನಂ ಮತ್ತೆ ಏರಿತು ಬೇರೆ.

ಅಮೆರಿಕದಲ್ಲಿ ಇದು ದೊಡ್ಡ ಪಿಡುಗು. ಅಲ್ಲಿ ಬ್ಯಾಟರಿ ಗರಗಸದಲ್ಲಿ ಪೈಪ್ ಕೊಯ್ದು ಒಂದೆರಡು ನಿಮಿಷದಲ್ಲಿ ಮುಗಿಸುತ್ತಾರೆ. ಟೊಯೊಟಾ ಪ್ರಿಯಸ್ ಅಂದರೆ ಕಳ್ಳರಿಗೆ ಬಲು ಪ್ರೀತಿ. ನಮ್ಮಲ್ಲಿ ಆ ಜಾಗ ಈಕೋದ್ದು. ಗುಜರಾತ್, ಮಹಾರಾಷ್ಟ್ರ, ದೆಹಲಿ ಕಡೆಗಳಲ್ಲಿ ಬರೀ ಈಕೋ ಸೈಲೆನ್ಸರ್ ಕದಿಯುವ ಗ್ಯಾಂಗುಗಳೇ ಸಿಕ್ಕಿಬಿದ್ದಿವೆ. ಕಾರಣ ಸುಲಭ. ಎಷ್ಟೋ ಹೊಸ ಸಣ್ಣ ಕಾರುಗಳಲ್ಲಿ ಕನ್ವರ್ಟರ್ ಬಾನೆಟ್ ಒಳಗೆ, ಎಂಜಿನ್‌ಗೆ ಅಂಟಿಕೊಂಡೇ ಇರುತ್ತದೆ. ಬಾನೆಟ್ ತೆಗೆಯಬೇಕು, ಕೈ ತೂರಿಸಬೇಕು, ರಾತ್ರಿ ಹೊತ್ತು ರಸ್ತೆಯಲ್ಲಿ ಆಗುವ ಕೆಲಸ ಅಲ್ಲ. ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ಪೈಪು ಕೂಡ ಅಲ್ಲೇ, ತಳದಲ್ಲಿ. ಗಾಡಿ ನೆಲದಿಂದ ಸ್ವಲ್ಪ ಎತ್ತರ. ಸಣ್ಣ ಮೈಯ ಹುಡುಗನಾದರೆ ಜಾಕ್ ಕೂಡ ಬೇಡ. ಮೇಲಾಗಿ ಈಕೋ ಯಾರ ಹತ್ತಿರ ಇರುತ್ತದೆ ನೋಡಿ. ಸ್ಕೂಲ್ ವ್ಯಾನಿನವರು, ಆಂಬುಲೆನ್ಸ್‌ನವರು, ಹಾಲು ಮೊಸರು ಹಾಕುವವರು, ಇಡ್ಲಿ ಹಿಟ್ಟು ಸಪ್ಲೈ ಮಾಡುವವರು. ಗೇಟು, ಸೆಕ್ಯೂರಿಟಿ, ಬೇಸ್‌ಮೆಂಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಈ ಗಾಡಿ ನೋಡಿದ್ದು ಕಡಿಮೆ.

"ಗಾಡಿ ಇದೆಯಲ್ಲಪ್ಪಾ"

ರಮೇಶಣ್ಣನ ಜೊತೆ ನಮ್ಮ ಯಜಮಾನರು ಠಾಣೆಗೆ ಹೋಗಿದ್ದರು. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಟೀ ಕೂಡ ತರಿಸಿದರು. ಆದರೆ ಮೊದಲು ಬಂದ ಮಾತು "ಗಾಡಿ ಇದೆಯಲ್ಲಪ್ಪಾ, ಸೈಲೆನ್ಸರ್ ತಾನೇ?" ಅಂತ. ಎರಡನೆಯದು, "ಬಿಲ್ ಇದೆಯಾ?" ಆರು ವರ್ಷದ ಹಿಂದೆ ಗಾಡಿ ಜೊತೆಗೆ ಬಂದ ಸೈಲೆನ್ಸರ್‌ಗೆ ಬೇರೆ ಬಿಲ್ ಎಲ್ಲಿಂದ ತರುವುದು? ಮೂರನೆಯದು ನಿಜಕ್ಕೂ ಸರಿಯಾದ ಪ್ರಶ್ನೆ. "ನಾಳೆ ನಾವು ಹತ್ತು ಸೈಲೆನ್ಸರ್ ಹಿಡಿದು ತಂದ್ವಿ ಅಂತ ಇಟ್ಕೊಳ್ಳಿ. ನಿಮ್ದು ಯಾವ್ದು ಅಂತ ಹೇಗೆ ಗುರುತು ಹಿಡೀತೀರಾ?"

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚಾಸಿ ಮೇಲೆ ನಂಬರ್ ಇದೆ, ಎಂಜಿನ್ ಮೇಲೆ ನಂಬರ್ ಇದೆ. ಗಾಡಿಯಲ್ಲಿರುವ ಅತಿ ದುಬಾರಿ ಲೋಹ ಇರುವ ಭಾಗದ ಮೇಲೆ ಇದು ಇಂಥ ಗಾಡಿಯದು ಅಂತ ಹೇಳುವ ಗುರುತು ಇಲ್ಲ. ಹೊರದೇಶಗಳಲ್ಲಿ ರಿಜಿಸ್ಟ್ರೇಷನ್ ನಂಬರನ್ನೋ ಚಾಸಿ ನಂಬರನ್ನೋ ಕನ್ವರ್ಟರ್ ಮೇಲೆ ಕೆತ್ತಿಸುತ್ತಾರೆ. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೂಡ ಹೆಸರು ಹಾಕಿಸುತ್ತೇವೆ. ಸರ್ವಿಸ್‌ಗೆ ಬಿಟ್ಟಾಗ ಒಂದು ನಂಬರ್ ಕೆತ್ತಿಸುವುದು ಎಷ್ಟು ಹೊತ್ತಿನ ಕೆಲಸ? ಗುಜರಿಯವನಿಗೂ ಆಗ ಗೊತ್ತಿರಲಿಲ್ಲ ಅನ್ನುವ ನೆಪ ಸಿಗುವುದಿಲ್ಲ. ಕದ್ದವನಿಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 303ನೇ ಕಲಂ ಇದೆ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡವನಿಗೆ 317 ಇದೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಆದರೆ ಮಾಲು ಒಮ್ಮೆ ಪುಡಿಯಾಗಿ ಚೀಲ ಸೇರಿದ ಮೇಲೆ ಅದು ಯಾರದು ಅಂತ ಯಾವ ಸಾಕ್ಷಿ ಹೇಳೀತು?

ಎಫ್‌ಐಆರ್ ಆಯಿತು. ಯಾಕೆ ಇದನ್ನು ಒತ್ತಿ ಹೇಳುತ್ತೇನೆಂದರೆ, ಎಷ್ಟೋ ಜನ 'ಅಯ್ಯೋ ಹೋಗ್ಲಿ ಬಿಡಿ' ಅಂತ ದೂರೇ ಕೊಡುವುದಿಲ್ಲ. ಇನ್ನು ಕೆಲವರು ಮೊಬೈಲ್‌ನಲ್ಲೇ ಪೊಲೀಸರ ಇ-ಲಾಸ್ಟ್‌ನಲ್ಲಿ ಹಾಕಿ ಸುಮ್ಮನಾಗುತ್ತಾರೆ. ಅದು ಕಳೆದುಹೋದ ವಸ್ತುವಿಗೆ ಇರುವ ವ್ಯವಸ್ಥೆ. ಸೈಲೆನ್ಸರ್ ತಾನಾಗಿ ಬಿದ್ದುಹೋಗುವುದಿಲ್ಲವಲ್ಲ. ಅದರ ರಸೀದಿ ಇಟ್ಟುಕೊಂಡು ಇನ್ಶೂರೆನ್ಸ್‌ನವರ ಮುಂದೆ ಕೂತರೆ ಕಳ್ಳತನ ಅಂತ ಒಪ್ಪಿಸುವುದು ಕಷ್ಟ.

ಇನ್ಶೂರೆನ್ಸ್ ಲೆಕ್ಕ ನಾನೇ ಕೂತು ಮಾಡಿದೆ. ಅಕೌಂಟ್ಸ್ ಕೆಲಸ ಮಾಡುವವಳು, ಇಷ್ಟಾದರೂ ಮಾಡೋಣ ಅಂತ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಒಂದು ಪೈಸೆಯೂ ಇಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ರಮೇಶಣ್ಣನದು ಪ್ಯಾಕೇಜ್ ಪಾಲಿಸಿ, ಅದರಲ್ಲಿ ಕಳ್ಳತನ ಸೇರುತ್ತದೆ. ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟ್ 50,000 ದಾಟಿತ್ತು. ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಗಳಿಗೆ 40 ಪರ್ಸೆಂಟ್ ಸವಕಳಿ ಕಳೆಯುತ್ತಾರೆ. ಅಂದರೆ 20,000 ಮೊದಲೇ ಹೋಯಿತು. ಸವಕಳಿ ಕಳೆಯದ 'ಜೀರೋ ಡೆಪ್' ಪಾಲಿಸಿ ಇದ್ದಿದ್ದರೆ ಉಳಿಯುತ್ತಿತ್ತು, ಐದು ವರ್ಷ ದಾಟಿದ ಗಾಡಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಕಡ್ಡಾಯ ಕಡಿತ ಅಂತ ಇನ್ನೊಂದಿಷ್ಟು. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಸೊನ್ನೆ. ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ ಅದು 50 ಪರ್ಸೆಂಟಿಗೆ ಬಂದು ನಿಂತಿತ್ತು. ಇದೆಲ್ಲ ಕಳೆದು ಉಳಿಯುವ ದುಡ್ಡಿಗೆ ಸರ್ವೇಯರ್ ಬರಬೇಕು, ಅವರು ಒಪ್ಪುವವರೆಗೆ ಗಾಡಿ ನಿಂತಿರಬೇಕು, ಪಾರ್ಟ್ ಸ್ಟಾಕ್‌ನಲ್ಲಿ ಇಲ್ಲದಿದ್ದರೆ ಆರ್ಡರ್ ಹಾಕಿ ಕಾಯಬೇಕು. ಗಾಡಿ ನಿಂತರೆ ಮಕ್ಕಳು ಬೇರೆ ವ್ಯಾನ್ ನೋಡಿಕೊಳ್ಳುತ್ತಾರೆ. ಒಂದು ಸಲ ಹೋದ ಮಗು ಮತ್ತೆ ಬರುವುದಿಲ್ಲ, ಆ ವರ್ಷದ ಫೀಸು ಹೋದ ಹಾಗೇ. (ಬಿಳಿ ಬೋರ್ಡ್ ಗಾಡಿಯಲ್ಲಿ ಮಕ್ಕಳನ್ನು ಸಾಗಿಸುವವರಂತೂ ಕ್ಲೇಮ್ ಆಸೆಯನ್ನೇ ಬಿಡಬೇಕು. ಸ್ವಂತ ಬಳಕೆಯ ಪಾಲಿಸಿ ತೆಗೆದುಕೊಂಡು ಬಾಡಿಗೆಗೆ ಓಡಿಸಿದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ.)

ಕಾಗದದ ಮೇಲಿನ ನನ್ನ ಲೆಕ್ಕವನ್ನು ರಮೇಶಣ್ಣ ಪೂರ್ತಿ ಕೇಳಿಸಿಕೊಂಡರು. "ಅಕ್ಕ, ಜೆ.ಸಿ. ರೋಡಲ್ಲಿ ಪೈಪ್ ಸಿಗುತ್ತೆ. ನಾಲ್ಕೈದು ಸಾವಿರ. ಇವತ್ತೇ ಹಾಕ್ತಾರೆ" ಅಂದರು.

ಖಾಲಿ ಪೈಪು

ಕಾರಿನ ಬೇರೆ ಯಾವ ಭಾಗ ಕದ್ದರೂ ಓನರ್‌ಗೆ ಅದು ಬೇಕೇ ಬೇಕು. ಬ್ಯಾಟರಿ ಇಲ್ಲದೆ ಸ್ಟಾರ್ಟ್ ಆಗಲ್ಲ. ಟೈರ್ ಇಲ್ಲದೆ ಹೊರಡಲ್ಲ. ಕನ್ನಡಿ ಇಲ್ಲದೆ ಬೆಂಗಳೂರಲ್ಲಿ ಎರಡು ಸಿಗ್ನಲ್ ದಾಟಲಾಗದು. ಕನ್ವರ್ಟರ್ ಹಾಗಲ್ಲ. ಅದು ಗಾಡಿಗೆ ಏನೂ ಮಾಡುವುದಿಲ್ಲ. ಗಾಡಿಯ ಹಿಂದೆ ನಿಂತಿರುವವರಿಗೆ ಮಾಡುತ್ತದೆ. ಸ್ಕೂಟರ್‌ನವರಿಗೆ, ಬಸ್‌ಸ್ಟಾಪಿನಲ್ಲಿ ಕಾಯುವವರಿಗೆ, ಫುಟ್‌ಪಾತಿನಲ್ಲಿ ಸೊಪ್ಪು ಮಾರುವವಳಿಗೆ. ದುಡ್ಡು ಕೊಟ್ಟು ಕೊಂಡವನು ಒಬ್ಬ, ಉಪಯೋಗ ಬೇರೆಯವರಿಗೆ. ಹಾಗಾಗಿಯೇ ಅದು ಇದೆ ಅನ್ನುವುದು ಓನರ್‌ಗೆ ಗೊತ್ತಿರುವುದಿಲ್ಲ. ಹೋದ ಮೇಲೂ, ಸದ್ದೊಂದು ಅಡಗಿದರೆ ಸಾಕು, ಅದಿಲ್ಲ ಅನ್ನುವುದೂ ಗೊತ್ತಾಗುವುದಿಲ್ಲ. 'ಅದನ್ನ ತೆಗೆಸಿಬಿಡಿ ಸಾರ್, ಮೈಲೇಜ್ ಬರುತ್ತೆ' ಅಂತ ಹೇಳುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅಂಥ ಕಡೆ ಬಿಚ್ಚಿದ ಹಳೆಯದು ಎಲ್ಲಿಗೆ ಹೋಯಿತು ಅಂತ ಗಿರಾಕಿ ಕೇಳುವುದೂ ಇಲ್ಲ. ಅದು ಕಳ್ಳತನದ ಲೆಕ್ಕಕ್ಕೇ ಬರುವುದಿಲ್ಲ, ಆದರೆ ನನ್ನ ಪ್ರಕಾರ ಅದೂ ಅದೇ ಜಾತಿ.

ರಮೇಶಣ್ಣನ ವ್ಯಾನು ಸಂಜೆಯೊಳಗೆ ರೆಡಿಯಾಯಿತು. ಹೊಸ ಪೈಪು ಬೆಳ್ಳಗೆ ಹೊಳೆಯುತ್ತಿತ್ತು. ಹೊರಗಿನಿಂದ ನೋಡಿದರೆ ಒರಿಜಿನಲ್ ತರಾನೇ, ಡಬ್ಬಿಯ ಆಕಾರ ಕೂಡ ಇದೆ, ಒಳಗೆ ಜಾಲರಿ ಮಾತ್ರ. ಸದ್ದು ಮೊದಲಿಗಿಂತ ಸ್ವಲ್ಪ ಜಾಸ್ತಿ. ಕತ್ತರಿಸಿದ ಸೆನ್ಸರ್ ವೈರಿಗೆ ಟೇಪ್ ಸುತ್ತಿ ಮೇಲೆ ಕಟ್ಟಿದ್ದರು. ಆ ಸೆನ್ಸರ್ ಇಲ್ಲದ ಕಾರಣಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟು ಉರಿಯುತ್ತಲೇ ಇತ್ತು. ಮರುದಿನ ಮಗಳನ್ನು ಹತ್ತಿಸುವಾಗ ನೋಡಿದರೆ ಆ ಲೈಟಿನ ಮೇಲೂ ಕರಿ ಇನ್ಸುಲೇಷನ್ ಟೇಪಿನ ಸಣ್ಣ ಚೌಕ ಅಂಟಿಸಿತ್ತು. ಕಣ್ಣಿಗೆ ಕುಕ್ಕುತ್ತೆ ಅಂತೆ.

ವಾಸನೆ ಮಾತ್ರ ಟೇಪಿಗೆ ಬಗ್ಗಲಿಲ್ಲ. ವ್ಯಾನ್ ಹೊರಟ ಮೇಲೆ ಬೀದಿಯಲ್ಲಿ ಒಂದು ಘಾಟು ಉಳಿಯುತ್ತಿತ್ತು, ಹಳೇ ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ ಮೆಜೆಸ್ಟಿಕ್‌ನಲ್ಲಿ ಬರುತ್ತಿದ್ದ ಅದೇ ಘಾಟು. ಮೂಗು ಇಷ್ಟು ವರ್ಷ ಅದನ್ನು ಮರೆತಿತ್ತು. ಎಮಿಷನ್ ಟೆಸ್ಟಿಗೂ ಅದೇ ವಾರ ಬಂದಿತ್ತು. ಈ ಕಾಲದ ಪೆಟ್ರೋಲ್ ಕಾರು ನ್ಯೂಟ್ರಲ್‌ನಲ್ಲಿ ಬಿಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್ ಮೀರಬಾರದು. ಕನ್ವರ್ಟರ್ ಇಲ್ಲದೆ ಅದನ್ನು ಮುಟ್ಟುವುದು ಕಷ್ಟ. ಮೊದಲು ಹೋದ ಕಡೆ ಫೇಲ್. ಇನ್ನೊಂದು ಕಡೆ ಪಾಸ್. ಅದೇ ಗಾಡಿ, ಅದೇ ಹೊಗೆ. ಸರ್ಟಿಫಿಕೇಟ್ ಗ್ಲಾಸಿಗೆ ಅಂಟಿತು.

ನನಗೆ ಇದರಲ್ಲಿ ರಮೇಶಣ್ಣನ ಮೇಲೆ ಕೋಪ ಬರುವುದಿಲ್ಲ. ಬರಬೇಕು ಅಂತ ಎಷ್ಟೋ ಸಲ ಅನಿಸಿದೆ, ಆದರೂ ಬರುವುದಿಲ್ಲ. ಕದ್ದವನಿಗೆ ಸಿಕ್ಕಿದ್ದು ಕೆಲವು ಸಾವಿರ ಇರಬಹುದು. ಪುಡಿ ಕೊಂಡು ಮೇಲಕ್ಕೆ ದಾಟಿಸಿದವನಿಗೆ ಇನ್ನೊಂದಿಷ್ಟು. ರಮೇಶಣ್ಣನ ನಷ್ಟ 50,000 ಅಂತ ಕಾಗದದಲ್ಲಿದೆ, ಆದರೆ ಅವರು ಅದನ್ನು 5,000ಕ್ಕೆ ಮುಗಿಸಿಕೊಂಡರು. ಉಳಿದ 45,000 ಎಲ್ಲಿಗೆ ಹೋಯಿತು? ಅದು ಮಾಯವಾಗಿಲ್ಲ. ದಿನಾ ಬೆಳಿಗ್ಗೆ, ಮಧ್ಯಾಹ್ನ ಆ ವ್ಯಾನಿನ ಹಿಂದೆ ಸಿಗ್ನಲ್‌ನಲ್ಲಿ ನಿಲ್ಲುವವರು ಅದನ್ನು ಕಂತಿನಲ್ಲಿ ಕಟ್ಟುತ್ತಿದ್ದಾರೆ. ಅವರಿಗೆ ಯಾರೂ ನೋಟಿಸ್ ಕೊಟ್ಟಿಲ್ಲ. ಅವರ ಹೆಸರು ಎಫ್‌ಐಆರ್‌ನಲ್ಲಿ ಇಲ್ಲ. ಆ ವ್ಯಾನಿನ ಕಿಟಕಿ ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳೂ ಆ ಪಟ್ಟಿಯಲ್ಲೇ ಇದ್ದಾರೆ, ಅದರಲ್ಲಿ ನನ್ನ ಮಗಳೂ ಒಬ್ಬಳು.

ಹಾಗಾಗಿ ಪೋಷಕರ ಗ್ರೂಪಿನಲ್ಲಿ ಒಂದು ಮಾತು ಹಾಕಿದೆ. ಒರಿಜಿನಲ್ ಹಾಕಿಸೋಣ, ಇನ್ಶೂರೆನ್ಸ್ ಕೊಡುವುದನ್ನು ಕೊಡಲಿ, ಉಳಿದದ್ದನ್ನು ನಾವೆಲ್ಲ ಹಂಚಿಕೊಳ್ಳೋಣ, ತಲೆಗೆ ಎರಡು ಸಾವಿರದ ಆಸುಪಾಸು ಬೀಳಬಹುದು ಅಂತ. ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬರು ಹೆಬ್ಬೆರಳು ಹಾಕಿದರು. ಇನ್ನೊಬ್ಬರು, "ಅವರ ಗಾಡಿ, ಅವರ ಬಿಸಿನೆಸ್, ನಾವ್ಯಾಕೆ?" ಅಂದರು. ಅದೂ ಸರಿಯಾದ ಮಾತೇ. ಸ್ಕೂಲಿನವರು ಸ್ವಲ್ಪ ಕೊಡಲಿ ಅಂತ ಮತ್ತೊಬ್ಬರು. ಸ್ಕೂಲಿಗೂ ವ್ಯಾನಿಗೂ ಸಂಬಂಧ ಇಲ್ಲ ಅಂತ ಸ್ಕೂಲಿನವರು ಯಾವತ್ತೋ ಬರೆದು ಸಹಿ ಮಾಡಿಸಿಕೊಂಡಿದ್ದಾರೆ ಅಂತ ಇನ್ನೊಬ್ಬರು ನೆನಪಿಸಿದರು. ಕೊನೆಗೆ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೊಸದು ಹಾಕಿಸಿದ ಮೇಲೆ ಮತ್ತೆ ಕದ್ರೆ?"

ಇದನ್ನೇ ರಮೇಶಣ್ಣನನ್ನು ಕೇಳಿದೆ. ಅವರು ನಕ್ಕುಬಿಟ್ಟರು. "ಅದಕ್ಕೇ ಅಕ್ಕ, ಇದೇ ವಾಸಿ. ಈಗ ರಾತ್ರಿ ನಿದ್ದೆ ಬರುತ್ತೆ. ಕದಿಯೋಕೆ ಒಳಗೆ ಏನಾದ್ರೂ ಇದ್ರೆ ತಾನೇ?"

ತಳಕ್ಕೆ ಅಡ್ಡಡ್ಡ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದರೆ ಬಿಚ್ಚುವುದು ಕಷ್ಟವಾಗುತ್ತದೆ ಅಂತ ಮೆಕ್ಯಾನಿಕ್ ಹೇಳಿದ್ದಾನೆ. ಪಕ್ಕದ ಕ್ರಾಸಿನ ಕಲ್ಯಾಣ ಮಂಟಪದವರು ಮುಹೂರ್ತ ಇಲ್ಲದ ದಿನಗಳಲ್ಲಿ ಕಾಂಪೌಂಡ್ ಒಳಗೆ ರಾತ್ರಿ ಪಾರ್ಕಿಂಗ್ ಕೊಡಲು ಒಪ್ಪಿದ್ದಾರೆ, ತಿಂಗಳಿಗೆ ಇಷ್ಟು ಅಂತ. ಮುಹೂರ್ತ ಇರುವ ದಿನ ಏನು ಮಾಡುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಈ ಸೀಸನ್‌ನಲ್ಲಿ ಮುಹೂರ್ತಗಳೇ ಜಾಸ್ತಿ. ಗ್ರೂಪಿನಲ್ಲಿ ಈವರೆಗೆ ಆರು ಮನೆಯವರು ದುಡ್ಡು ಕೊಡುತ್ತೇವೆ ಅಂದಿದ್ದಾರೆ. ಕ್ಲೇಮ್ ಫಾರಂ ನನ್ನ ಟೇಬಲ್ ಮೇಲಿದೆ, ರಮೇಶಣ್ಣ ಸಹಿ ಹಾಕಬೇಕು. ಅವರು ಭಾನುವಾರ ಬರುತ್ತೇನೆ ಅಂದಿದ್ದಾರೆ, ಬಾಡಿಗೆ ಸಿಗದಿದ್ದರೆ.